ಕಾಲಿಂಚು ಮುಂದಿದ್ದ ಪುಲ್ಲಿ

ಗೆಳೆಯರೇ, ಹತ್ತಕ್ಕೆ ಹೆಬ್ಬಾಳದಲ್ಲಿ ತಂಗಿಗೆ ಕೆಲಸದ ಸಂದರ್ಶನವಿತ್ತು. ಬೆಳಿಗ್ಗೆಯೇ ಯಶವಂತಪುರದ ಮೆಕ್ಯಾನಿಕ್ ನಮ್ಮ ಹಳೆಯ ಕಾರಿನಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಡೈನಮೋ ತೆಗೆದು, ಅದರ ಜಾಗಕ್ಕೆ ಆಲ್ಟರ್ನೇಟರ್ ಕೂರಿಸಿದ. ಅದರ ಪುಲ್ಲಿ ಎಂಜಿನ್ನಿನ ಪುಲ್ಲಿಗಿಂತ ಕಾಲಿಂಚು ಮುಂದಿತ್ತು, ಎಂಜಿನ್ ತಂಪಾಗಿಸುವ ಫ್ಯಾನನ್ನೂ ತಿರುಗಿಸುವ ಬೆಲ್ಟು ಓರೆಯಾಗಿತ್ತು.

“ಎರಡು ಪುಲ್ಲಿನೂ ನೇರಕ್ಕಿದೆಯಾ, ನೂಲು ಹಿಡಿದು ನೋಡಪ್ಪ” ಎಂದೆ.

“ನೂಲು ಹಿಡಿಯೋಕೆ ನಾನೇನ್ ಗಾರೆ ಕೆಲಸದೋನಾ ಸಾರ್? ಇಪ್ಪತ್ತು ವರ್ಷದ ಕಣ್ಣಿದು!”

ಹೊರಡಲು ಹೋದರೆ ತಡೆದ. “ರಾಹುಕಾಲ ಮುಗಿಯೋಕೆ ಇನ್ನೂ ನಾಲ್ಕು ನಿಮಿಷ ಇದೆ, ಇರಿ.” ಗಡಿಯಾರ ನೋಡುತ್ತಾ ಅಷ್ಟೂ ನಿಮಿಷ ಕಾಯಿಸಿದ.

ಹೆಬ್ಬಾಳ ಕೆರೆಯ ಬಳಿ ಬೆಲ್ಟು ಕಳಚಿಬಿದ್ದು ಎಂಜಿನ್ ಕುದಿಯಿತು. ತಂಗಿ ಇಳಿದು ಓಡಿದಳು. ತಲುಪುವಷ್ಟರಲ್ಲಿ ಅವಳ ಹೆಸರು ಕೂಗಿ ಮುಗಿದಿತ್ತು.

ಮೆಕ್ಯಾನಿಕ್‌ನನ್ನು ಕೇಳಿದರೆ, “ಬೆಲ್ಟಿಗೆ ದೃಷ್ಟಿಯಾಗಿದೆ ಸಾರ್. ಆಗಿನಿಂದ ಅದನ್ನೇ ದಿಟ್ಟಿಸ್ತಿದ್ರಲ್ಲ ನೀವು!” ಅಂದ.

ತಪ್ಪು ನನ್ನದೇ. ನೂಲು ಕೇಳುವ ಬದಲು ಮೆಣಸಿನಕಾಯಿ ನಿವಾಳಿಸಬೇಕಿತ್ತು.