ಭಾವನ ಬೆಂಚಿನ ಕಲೆ

ಬೆಳಗ್ಗೆಯಿಂದ ಎದುರುಮನೆಯಲ್ಲಿ ಬಾಗಿಲಿಗೆ ಪಾಲಿಶ್ ಹೊಡೀತಿದ್ದಾರೆ. ಶಿವಮೊಗ್ಗದ ಗೋಪಾಳದಲ್ಲಿ ನಮ್ಮ ಬೀದಿಯೆಲ್ಲ ಥಿನ್ನರ್ ವಾಸನೆ. ಕಿಟಕಿ ಹಾಕಿದೆ, ಆದರೂ ಒಳಗೆ ಬಂತು. ಜೊತೆಗೆ ಭದ್ರಾವತಿಯ ಭಾವನೂ ನೆನಪಾದರು...

ಭಾವ ಅಂದರೆ ನನ್ನ ಸ್ವಂತ ಅಕ್ಕನ ಗಂಡ ಅಲ್ಲ. ನಾನು ಅಲ್ಲಿನ ನ್ಯೂ ಟೌನಿನಲ್ಲಿ ಟೀಚರಾಗಿದ್ದಾಗ ಪಕ್ಕದ ಮನೆಯಲ್ಲಿದ್ದವರು. ಅವರ ಹೆಂಡತಿಯನ್ನು ಅಕ್ಕ ಅಂತಿದ್ದೆ, ಹಾಗಾಗಿ ಅವರು ಭಾವ. ಕಾರ್ಖಾನೆಯಲ್ಲಿ ಲೇತ್ ನಡೆಸಿ ರಿಟೈರಾಗಿದ್ದರು. ಕಬ್ಬಿಣ ಕಡೆದವರಿಗೆ ಮರ ಅಂದರೆ ಸಸಾರ ನೋಡಿ! ಯಾವುದೋ ಮೆಷಿನ್ ಬಂದಿದ್ದ ಪೆಟ್ಟಿಗೆಯ ಬಿಳಿ ಹಲಗೆ ತಂದು, ಹಿತ್ತಿಲ ಜಗಲಿಯಲ್ಲಿ ಬೆಂಚು ಮಾಡಲು ಕೂತರು. ತಲೆ ಒರಗಿಸುವಷ್ಟು ಎತ್ತರದ ಬೆನ್ನು ಇರೋ ಬೆಂಚು. ಬಣ್ಣ ಬಿದ್ದಮೇಲೆ ಸಾಗುವಾನಿ ಅಲ್ಲ ಅಂತ ಯಾರಾದ್ರೂ ಹೇಳಲಿ ನೋಡೋಣ ಅಂತ ಜಂಬ ಬೇರೆ.

ಬೆಂಚು ನಿಂತಿತು. ಬಣ್ಣ ಹೊಡೆಯೋದು ಮಾತ್ರ ಇವತ್ತು ನಾಳೆ ಅಂತ ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಅಕ್ಕ ಅದನ್ನು ತನ್ನದು ಮಾಡಿಕೊಂಡಾಗಿತ್ತು. ಶುಕ್ರವಾರ ತಲೆಗೆ ಎಣ್ಣೆ ಹಚ್ಚಿಕೊಂಡು, ಹಂಡೆ ನೀರು ಕಾಯೋತನಕ ಆ ಬಣ್ಣ ಕಾಣದ ಹಲಗೆಗೆ ಒರಗಿ ಕೂತು ಕಾಂಪೌಂಡಿನಾಚೆ ಇದ್ದ ನನ್ನ ಜೊತೆ ಹರಟುತ್ತಿದ್ದರು. ಭಾವ ಒಳಗಿಂದ ಕೂಗೋರು, "ಎಣ್ಣೆ ತಲೆ ಒರಗಿಸ್ಬೇಡ ಮಾರಾಯ್ತಿ, ಮರ ಕುಡಿಯುತ್ತೆ."

"ಕುಡೀಲಿ ಬಿಡಿ, ಅದಕ್ಕೂ ತಂಪಾಗ್ಲಿ," ಅಂತಿದ್ದರು ಅಕ್ಕ.

ಒಂದು ಮಧ್ಯಾಹ್ನ ಅಕ್ಕನಿಗೆ ಎದೆನೋವು ಬಂತು. ಶಿವಮೊಗ್ಗದ ಆಸ್ಪತ್ರೆಗೆ ಅಂತ ಕರೆದುಕೊಂಡು ಹೊರಟರು. ಆಸ್ಪತ್ರೆ ಸೇರಲಿಲ್ಲ.

ಭಾವ ಅಳಲಿಲ್ಲ. ಬಂದವರಿಗೆ ಕಾಫಿ ಆಯಿತಾ ಅಂತ ಅವರೇ ಕೇಳುತ್ತಿದ್ದರು. ನನಗೂ ಅಳು ಬರಲಿಲ್ಲ, ಏನೋ ಮರಗಟ್ಟಿದ ಹಾಗೆ ಓಡಾಡಿಕೊಂಡಿದ್ದೆ. ಜನರೆಲ್ಲ ಹೋದಮೇಲೆ ಅವರು ಮನೆಯಲ್ಲಿ ಕೂರುವುದನ್ನೇ ಬಿಟ್ಟರು. ತಟ್ಟೆ ಕೈಯಲ್ಲಿ ಹಿಡಿದು ನಿಂತೇ ಉಣ್ಣೋರು. ನಾನು ಗದರಿದರೆ, "ಬೆಂಚು ಮುಗೀಲಿ ಕಣಮ್ಮ, ಆಮೇಲೆ ಕೂರ್ತೀನಿ" ಅಂತಿದ್ದರು.

ಕೊನೆಗೊಂದು ದಿನ ಮರದೊಳಗೆ ಇಳಿಯೋ ತೆಳು ಪಾಲಿಶ್ ಬಣ್ಣ ಹೊಡೆದರು. ಮಾರನೇ ದಿನ ನನ್ನನ್ನು ಕರೆದು ತೋರಿಸಿದರು. ಬೆಂಚೆಲ್ಲ ಕಂದು ಬಣ್ಣ, ಬೆನ್ನಿನ ಹಲಗೆಯಲ್ಲಿ ಮಾತ್ರ ಅಂಗೈಗಿಂತ ದೊಡ್ಡದೊಂದು ಬಿಳಿಚಿದ ಕಲೆ. ಎಣ್ಣೆ ಇಳಿದಲ್ಲಿ ಬಣ್ಣ ಹಿಡಿದಿರಲಿಲ್ಲ. ಅದು ಏನು ಅಂತ ಇಬ್ಬರಿಗೂ ಗೊತ್ತಿತ್ತು.

"ಹಾಗೇ ಇರಲಿ ಭಾವ," ಅಂದೆ.

"ನೋಡಕ್ಕಾಗಲ್ಲ ಕಣಮ್ಮ. ಅದು ಹೋಗ್ಬೇಕು. ಹೋದ್ರೆ ಕೂರ್ತೀನಿ."

ಶುರುವಾಯಿತು. ಥಿನ್ನರಿನಲ್ಲಿ ಬಟ್ಟೆ ಅದ್ದಿ ತಿಕ್ಕೋದು, ಉಪ್ಪುಕಾಗದ ಹಾಕಿ ಉಜ್ಜೋದು, ಮತ್ತೆ ಬಣ್ಣ. ಕಲೆ ಇದ್ದಲ್ಲಷ್ಟೇ ಉಜ್ಜಿದರೆ ತಗ್ಗಾಗುತ್ತದೆ ಅಂತ ಪ್ರತಿಸಲವೂ ಹಲಗೆ ಪೂರ್ತಿ ಒಂದೇ ಸಮ ಉಜ್ಜುತ್ತಿದ್ದರು, ಲೇತಿನ ಬುದ್ಧಿ. ಹಸಿಯಿದ್ದಾಗ ಎಲ್ಲ ಒಂದೇ ಬಣ್ಣ. ಒಣಗಿದ ಮೇಲೆ ಮೆಲ್ಲಗೆ ಅದೇ ಜಾಗ ಬಿಳಿಚಿಕೊಳ್ಳುತ್ತಿತ್ತು. ಶಿವಮೊಗ್ಗದ ಗಾಂಧಿ ಬಜಾರಿನ ಪೇಂಟ್ ಅಂಗಡಿಯವನು, ಎಣ್ಣೆ ಒಳಗಿಳಿದಿದೆ, ಹಲಗೇನೇ ಬದಲಾಯಿಸಿ ಅಂದನಂತೆ. ಅದೊಂದು ಮಾತನ್ನು ಮಾತ್ರ ಭಾವ ಕೇಳಲಿಲ್ಲ.

ನನ್ನ ತಲೆಗೂ ಒಂದು ಉಪಾಯ ಹೊಳೆಯಿತು. ತಲೆಯ ಎಣ್ಣೆ ತಾನೇ, ಸೀಗೆಪುಡಿಗೆ ಹೋಗಬಹುದು ಅಂತ ಬಿಸಿನೀರಲ್ಲಿ ಕಲಸಿ ಕೊಟ್ಟೆ. ಭಾವ ಎರಡು ಸಲ ತಿಕ್ಕಿದರು, ಅಷ್ಟೇ. ಜಗಲಿಯೆಲ್ಲ ಶುಕ್ರವಾರದ ಬಚ್ಚಲುಮನೆ ವಾಸನೆ... ಅವರು ಕೈ ತೊಳೆಯದೆ ಗೇಟು ದಾಟಿ ಹೋದರು. ಅಯ್ಯೋ, ಎಂಥ ಕೆಲಸ ಮಾಡಿದೆ ಅನ್ನಿಸಿತು. ಹಲಗೆ ನಾನೇ ಒರೆಸಿದೆ.

ಅಕ್ಕನ ವರ್ಷದ ಕಾರ್ಯಕ್ಕೆ ಅವರ ಮಗ ತುಮಕೂರಿನಿಂದ ಮುಂಚೆಯೇ ಬಂದ. ಬರೋ ಜನ ಕೂರಬೇಕಲ್ಲ, ಈ ಬೆಂಚು ಯಾಕೆ ಹಿಂಗಿದೆ ಅಂತ ಪೇಂಟರನ್ನು ಕರೆಸಿ ಗಟ್ಟಿ ಕಂದು ಆಯಿಲ್ ಪೇಂಟ್ ಹೊಡೆಸಿಬಿಟ್ಟ. ಒಂದು ಮಧ್ಯಾಹ್ನದ ಕೆಲಸ. ಭಾವ ನೋಡುತ್ತಾ ನಿಂತಿದ್ದರು, ಬೇಡ ಅನ್ನಲಿಲ್ಲ. ಒಣಗಿದ ಮೇಲೂ ಕಲೆ ಏಳಲಿಲ್ಲ. ಕಾರ್ಯದ ದಿನ ಯಾರ್ಯಾರೋ ಅದರ ಮೇಲೆ ಕೂತೆದ್ದರು.

ಅವತ್ತು ಸಂಜೆ, ನೆಂಟರು ಹೋದಮೇಲೆ, ಭಾವ ಕಾಂಪೌಂಡಿನ ಹತ್ತಿರ ಬಂದು ನನ್ನನ್ನು ಕರೆದರು. ಹೋಗುವಷ್ಟರಲ್ಲಿ ಬೆಂಚಿನ ಮೇಲೆ ಕೂತಿದ್ದರು. ವರ್ಷದ ಮೇಲೆ ಅವರು ಆ ಮನೆಯಲ್ಲಿ ಕೂತದ್ದನ್ನು ನೋಡಿದೆ. ಸಮಾಧಾನ ಆಗಬೇಕಿತ್ತು. ಆದರೆ ಅವರ ಅಂಗೈ ಬೆನ್ನಿನ ಹಲಗೆ ಮೇಲೆ ಅತ್ತಿತ್ತ ಆಡುತ್ತಿತ್ತು.

"ಎಲ್ಲಿತ್ತಮ್ಮ ಅದು? ಸಿಗ್ತಾ ಇಲ್ಲ."

ಬಗ್ಗಿ ನೋಡಿದೆ. ನುಣ್ಣಗೆ, ಒಂದೇ ಸಮ. ದಿನಾ ನೋಡಿದ ಕಲೆ... ಈ ಅಂಚಿನ ಹತ್ತಿರವಾ, ಇನ್ನೂ ಸ್ವಲ್ಪ ಆಚೆಯಾ? ಎಷ್ಟು ಯೋಚಿಸಿದರೂ ಕಣ್ಣಿಗೆ ಬರಲಿಲ್ಲ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಇಲ್ಲೇ ಭಾವ," ಅಂತ ಒಂದು ಕಡೆ ಬೆರಳಿಟ್ಟೆ.

ಅವರು ಮೆಲ್ಲಗೆ ಪಕ್ಕಕ್ಕೆ ಸರಿದು, ಅಲ್ಲಿಗೆ ತಲೆ ಒರಗಿಸಿ ಕಣ್ಣು ಮುಚ್ಚಿದರು.

ಈಗ ಭಾವ ಇಲ್ಲ. ಬೆಂಚು ಯಾರ ಪಾಲಾಯಿತೋ, ನಾನು ವಿಚಾರಿಸಲಿಲ್ಲ. ದುಃಖ ಅಂತ ಹೇಳಿಕೊಳ್ಳುವಂಥದ್ದು ಇವತ್ತೂ ಏನೂ ಆಗುತ್ತಿಲ್ಲ, ಸುಮ್ಮನೆ ಕೂತಿದ್ದೇನೆ. ನಾನು ಬೆರಳಿಟ್ಟ ಜಾಗ ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ಅವರು ಬದುಕಿದ್ದಷ್ಟು ದಿನವೂ ಅಲ್ಲೇ ಒರಗಿದರು.