ಸೊನ್ನೆ ಸೆಂಟು

ಚಿಕ್ಕಂದಿನಲ್ಲಿ ಶ್ರೀಮಂಗಲದ ಕಾಫಿ ಎಸ್ಟೇಟಿನಲ್ಲಿ ದಿನಾ ಬೆಳಿಗ್ಗೆ ಮಳೆಮಾಪಕ ನೋಡಿ, ಎಷ್ಟು ಸೆಂಟು ಮಳೆಯೆಂದು ಬರೆಯುವುದು ನನ್ನ ಕೆಲಸವಾಗಿತ್ತು; ನೂರು ಸೆಂಟೆಂದರೆ ಒಂದು ಇಂಚು. ಮಳೆಯಿಲ್ಲದ ದಿನ ಖಾಲಿ ಬಿಟ್ಟರೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಆಗಿದ್ದ ಅಪ್ಪ ಗದರುತ್ತಿದ್ದರು: “ಸೊನ್ನೆ ಬರಿ. ಖಾಲಿ ಬಿಟ್ಟರೆ ನೀನು ನೋಡಲೇ ಇಲ್ಲ ಅಂತ ಅರ್ಥ.”

ಈಗ ರಾಕೆಟ್ ಉಡಾವಣೆಗೆ ಹವಾಮಾನ ಹೇಳುವವಳು ನಾನು. ಉಡಾವಣಾ ಕೇಂದ್ರಕ್ಕೆ ಸೇರಿದಾಗ ಅಲ್ಲಿ ಸಿಡಿಲು ಬಂದ ದಿನಗಳನ್ನಷ್ಟೇ ಬರೆದಿಡುತ್ತಿದ್ದರು. ದೂರದಲ್ಲಿ ಮೋಡ ಕಟ್ಟಿ ಹಾಗೇ ಚದುರಿದ ದಿನಗಳು ಎಲ್ಲೂ ಇರಲಿಲ್ಲ. ಎಷ್ಟು ಮೋಡ ಸುಮ್ಮನೆ ಹೋಗುತ್ತವೆಂದು ಯಾರಿಗೂ ಗೊತ್ತಿರದೆ, ಮೋಡ ಕಂಡರೆ ಸಾಕು, ಉಡಾವಣೆ ಮುಂದೂಡುತ್ತಿದ್ದರು. ನಾನು ಜಗಳವಾಡಿ ಆ ದಿನಗಳನ್ನೂ ಬರೆಸಿದೆ.

ಮೊನ್ನೆ ಉಡಾವಣೆಗೆ ಮೊದಲು ದಕ್ಷಿಣಕ್ಕೆ ಮೋಡ ಕಪ್ಪಿಟ್ಟಿತು. ಎಲ್ಲರೂ ನನ್ನ ಮುಖ ನೋಡಿದರು. ಬರೆಸಿಟ್ಟ ದಿನಗಳಲ್ಲಿ ಇಂಥ ಮೋಡ ಏನಾಗಿತ್ತೆಂದು ನೋಡಿ, “ಇತ್ತ ಬರಲ್ಲ,” ಅಂದೆ. ಬರಲಿಲ್ಲ. ರಾಕೆಟ್ ಮೇಲಕ್ಕೆ ಹಾರಿತು.

ಸಂಜೆ ಫೋನ್ ಮಾಡಿದಾಗ ಅಪ್ಪ ರಾಕೆಟ್ಟಿನ ಸುದ್ದಿಯನ್ನೇ ಎತ್ತಲಿಲ್ಲ.

“ಅಲ್ಲಿ ಮಳೆ ಎಷ್ಟು?”

“ಸೊನ್ನೆ, ಅಪ್ಪ.”

“ಬರೆದೆಯಾ?”