ಶನಿವಾರದ ಔಡಲ ಎಣ್ಣೆ

ಹೋದ ಭಾನುವಾರ ಬೀದರಿನ ನೌಬಾದದಲ್ಲಿರುವ ನಮ್ಮ ಮನೆಯ ಅಂಗಳದಲ್ಲಿ ಮೊಮ್ಮಗಳು ತನ್ನ ಕಾರಿನ ಕೆಳಗೆ ಮಲಗಿದ್ದಳು. ತಾನೇ ಗೇರ್ ಬದಲಿಸಿಕೊಳ್ಳುವ ಕಾರು ಅದು. ಅದರ ಗೇರ್ ಎಣ್ಣೆಯನ್ನು ಗ್ಯಾರೇಜಿಗೆ ಹೋಗದೆ ಮನೆಯಲ್ಲೇ ಬದಲಿಸುತ್ತೇನೆಂದು ಅವಳ ಹಟ. ತಿರುಪು ಬಿಚ್ಚಿದ್ದೇ ತಡ, ಬಿಸಿ ಎಣ್ಣೆ ಕೆಳಗಿಟ್ಟ ಅಗಲ ಪರಾತಕ್ಕೆ ಸುರಿಯಿತು. ಆ ಕಮಟು ವಾಸನೆ ಅಡುಗೆಮನೆಗೂ ಬಂತು. ಒಗ್ಗರಣೆ ಬಿಟ್ಟು ಹೊರಗೆ ಬಂದು ನಿಂತೆ... ಔರಾದದ ಕಾಕು ನೆನಪಾದರು.

ಕಾಕು ಎಂದರೆ ಔರಾದದಲ್ಲಿ ನಾನು ಬೆಳೆದ ಓಣಿಯ ವಕೀಲರ ಹೆಂಡತಿ. ನೆಂಟರಲ್ಲ, ಆದರೂ ಇಡೀ ಓಣಿಗೆ ಕಾಕು, ಚಿಕ್ಕಮ್ಮ. ಕಚ್ಚೆ ಸೀರೆ, ಗಟ್ಟಿ ದನಿ. ಅವರು ಮೆಲ್ಲಗೆ ಮಾತಾಡಿದರೂ ಆಚೆ ಮನೆಯ ಬೆಕ್ಕು ಎದ್ದು ಕೂರುತ್ತಿತ್ತು. ಭಾಲ್ಕಿಯಲ್ಲಿ ಅವರ ತಂದೆ ಜನರನ್ನು ಒಯ್ಯುವ ಸರ್ವಿಸ್ ಮೋಟಾರು ಓಡಿಸುತ್ತಿದ್ದರು. ಬೇರೆ ಹುಡುಗಿಯರು ಗೊಂಬೆ ಆಡುವ ವಯಸ್ಸಿನಲ್ಲಿ ಕಾಕು ತಿರುಪು ಬಿಚ್ಚುವ ಪಾನಾ ಹಿಡಿದು ಆಡಿದವರು.

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆಗಿ ಇನ್ನೂ ಬಹಳ ಕಾಲವಾಗಿರಲಿಲ್ಲ. ಊರು ಬಿಟ್ಟು ಹೋದ ಜಾಗೀರದಾರರೊಬ್ಬರ ಹಳೇ ಮೋಟಾರನ್ನು ವಕೀಲರು ಕೊಂಡಿದ್ದರು. ಅದನ್ನು ದುರಸ್ತಿ ಮಾಡುತ್ತಿದ್ದ ಮಿಸ್ತ್ರಿಯೂ ಆ ಗದ್ದಲದಲ್ಲಿ ಹೈದರಾಬಾದಿಗೆ ಹೋದವನು ತಿರುಗಿ ಬಂದಿರಲಿಲ್ಲ. ಅವನೇನಾದ ಎಂದು ಓಣಿಯಲ್ಲಿ ಯಾರೂ ದೊಡ್ಡ ದನಿಯಲ್ಲಿ ಕೇಳುತ್ತಿರಲಿಲ್ಲ...

ಆ ವರ್ಷ ನನ್ನ ಮಿಡ್ಲ್ ಸ್ಕೂಲಿನ ಕೊನೆಯ ಪರೀಕ್ಷೆ, ಸೋಮವಾರ ಬೆಳಿಗ್ಗೆ ಬೀದರಿನಲ್ಲಿ. ಹೆಣ್ಣಿಗೆ ಇಷ್ಟು ಓದು ಸಾಕು ಎನ್ನುತ್ತಿದ್ದ ಅಪ್ಪ, ವಕೀಲರ ಮೋಟಾರು ಹೇಗೂ ಬೀದರಿನ ಕೋರ್ಟಿಗೆ ಹೋಗುತ್ತದೆಂದು ಒಪ್ಪಿದ್ದರು. ಪರೀಕ್ಷೆ ತಪ್ಪಿದರೆ ಮದುವೆ ಎಂದೂ ಹೇಳಿಬಿಟ್ಟಿದ್ದರು. ಖಟಕ ಚಿಂಚೋಳಿಯಲ್ಲಿ ವರ ತಯಾರಾಗಿದ್ದ. ಶನಿವಾರ ನೋಡಿದರೆ ಮೋಟಾರು ಗೇರಿಗೆ ಬೀಳದೆ ಕರಕರ ಒದರುತ್ತಿತ್ತು. ಬಸ್ಸು ಕೆಟ್ಟು ನಿಂತಿತ್ತು, ಅಪ್ಪನ ಎತ್ತುಗಳು ಜೋಳದ ರಾಶಿಯಲ್ಲಿದ್ದವು. ನಾನು ಕಾಕುವಿನ ಪಡಸಾಲೆಯಲ್ಲಿ ಕೂತು ಗೊಳೋ ಎಂದು ಅತ್ತೆ.

"ಗೇರಿನ ಎಣ್ಣಿ ಸೋರಿ ಹೋಗ್ಯದ. ಭಾಲ್ಕಿಯಿಂದ ತರಸ್ಲಿಕ್ಕಿ ಎಂಟ್ ದಿನ ಬೇಕು," ಎಂದರು ವಕೀಲರು.

"ಎಂಟ್ ದಿನ ಈ ಪೋರಿ ಸಲುವಾಗಿ ಪರೀಕ್ಷಾ ಕಾಯ್ತದೇನ್ರಿ?" ಎಂದವರೇ ಕಾಕು ಕಚ್ಚೆ ಬಿಗಿದು ಮೋಟಾರಿನ ಕೆಳಗೆ ನುಗ್ಗಿದರು.

ಇಂಜಿನ್ ಕೊಂಚ ಹೊತ್ತು ಓಡಿಸಿ ಬಿಸಿ ಮಾಡಿಸಿದ್ದರು, ಉಳಿದ ಎಣ್ಣೆ ಸಲೀಸಾಗಿ ಇಳಿಯಲೆಂದು. ಇಳಿದದ್ದು ಕಾಡಿಗೆಯಂಥ ಕರಿ ರಾಡಿ. ಸಡಿಲಾಗಿದ್ದ ತಿರುಪಿಗೆ ನೂಲು ಸುತ್ತಿ ಬಿಗಿದರು. ಹೊರಗಿನಿಂದ ಮಾಲು ಬರದೆ ನಿಂತಿದ್ದ ಕಾಲದಲ್ಲಿ ಅವರ ತಂದೆ ಗೇರಿಗೆ ಔಡಲ ಎಣ್ಣೆ ಹಾಕಿಯೇ ಮೋಟಾರು ಓಡಿಸಿದ್ದರಂತೆ. ಕೂಸುಗಳ ನೆತ್ತಿಗೆಂದು ಕಾಸಿಟ್ಟ ಔಡಲ ಎಣ್ಣೆ ನಮ್ಮ ಓಣಿಯ ಮನೆಮನೆಯಲ್ಲೂ ಇತ್ತು. ಚೊಂಬು ಹಿಡಿದು ನಾನು ಓಡಿದೆ.

ಒಬ್ಬರೂ ಕೊಡಲಿಲ್ಲ! ಶನಿವಾರ ಮನೆಯ ಎಣ್ಣೆ ಹೊರಗೆ ಕೊಟ್ಟರೆ ಶನಿ ಒಳಗೆ ಬರುತ್ತಾನೆ, ನಾಳೆ ಬಾ ಎಂದರು. ವಕೀಲರಿಗೆ ಭಾನುವಾರವೇ ಬೀದರಿನಲ್ಲಿ ಕಕ್ಷಿಗಾರರನ್ನು ಕಾಣುವುದಿತ್ತು, ನಾಳೆ ಬೆಳಕು ಹರಿಯುವ ಮೊದಲೇ ನಾವು ಹೊರಡಬೇಕಿತ್ತು. ಬರಿ ಚೊಂಬು ನೋಡಿ ಕಾಕು ಸೊಂಟದ ಮೇಲೆ ಕೈಯಿಟ್ಟರು. ಆಮೇಲೆ ಮೋಟಾರಿನ ಮೂತಿಗೆ ಕುಂಕುಮ ಹಚ್ಚಿ, ಎಕ್ಕೆ ಎಲೆಯ ಸರ ಹಾಕಿ, ಓಣಿಯೆಲ್ಲ ಕೇಳುವಂತೆ ಕೂಗಿದರು.

"ನನಗ ಕೊಡಬ್ಯಾಡ್ರೇ! ಶನಿವಾರ ಹನುಮಪ್ಪಗ ಎಣ್ಣಿ ಎರೀತೀರಿಲ್ಲೋ? ಇವತ್ತ ಅಂವ ಇಲ್ಲೇ ಬಂದಾನ. ನಿಮ್ಮ ಕೈಲೇ ಎರೀರಿ. ಔಡಲೆಣ್ಣಿನೇ ಆಗ್ಬೇಕು, ಕುಸುಬಿ ಎಣ್ಣಿ ಈ ದೇವರಿಗಿ ನಡ್ಯಾಂಗಿಲ್ಲ!"

ಮೊದಲು ನಗು ಕೇಳಿತು. ಆಮೇಲೆ ಬಟ್ಟಲು, ಗಿಂಡಿ ಹಿಡಿದ ಹೆಂಗಸರು ಬಂದರು. ಚಪ್ಪಲಿ ಬಿಟ್ಟು ಮೋಟಾರು ಹತ್ತಿ, ಕಾಲಡಿಯ ಹಲಗೆ ತೆಗೆದ ಕಿಂಡಿಯಲ್ಲಿ ಲಾಳಿಕೆಯಿಟ್ಟು, ಭಕ್ತಿಯಿಂದ ಎರೆದರು. ಒಬ್ಬ ಮುದುಕಿಯಂತೂ ಪ್ರದಕ್ಷಿಣೆಯನ್ನೂ ಹಾಕಿದಳು. ಗೇರುಪೆಟ್ಟಿಗೆಯ ಪಕ್ಕದಲ್ಲಿ ಮಟ್ಟ ತೋರಿಸುವ ತೂತಿನಿಂದ ಎಣ್ಣೆ ಹನಿದಾಗ, "ದೇವರ ಹೊಟ್ಟಿ ತುಂಬ್ತು, ಸಾಕ್ರೇ," ಎಂದು ಕಾಕು ಕೆಳಗಿನಿಂದಲೇ ಕೂಗಿ ತಿರುಪು ಬಿಗಿದರು. ಹೊರಗೆ ಬಂದಾಗ ಅವರ ಮೂಗಿನ ನತ್ತಿಗೂ ಮಸಿ ಹತ್ತಿತ್ತು.

ವಕೀಲರು ದೇವರಿಗೆ ಕೈಮುಗಿದು ಗೇರ್ ಹಾಕಿದರು. ತುಟಿಪಿಟಕ್ಕೆನ್ನದೆ ಬಿತ್ತು! ಓಣಿಗೆ ಓಣಿಯೇ ಹೋ ಎಂದಿತು. "ಔಡಲೆಣ್ಣಿ ನಡಿತದಂತ ನನಗ ಮೊದಲೇ ಗೊತ್ತಿತ್ತು," ಎಂದರು ವಕೀಲರು. ಕಾಕು ಪಾನಾ ಒರೆಸಿ ಅವರ ಕೈಗೆ ಕೊಟ್ಟರು.

ಭಾನುವಾರ ಬೀದರಿನ ದಾರಿಯುದ್ದಕ್ಕೂ ಕಾಲಡಿಯಿಂದ ಬಿಸಿ ಎಣ್ಣೆಯ ವಾಸನೆ ಬರುತ್ತಿತ್ತು. ನನಗೆ ಅದು ಅತ್ತರಿಗಿಂತ ಹೆಚ್ಚಾಗಿತ್ತು. ಸೋಮವಾರ ಗಂಟೆ ಹೊಡೆಯುವ ಮೊದಲೇ ನಾನು ನನ್ನ ಜಾಗದಲ್ಲಿ ಕೂತಿದ್ದೆ. ಪಾಸಾದೆ. ಮುಂದೆ ಓದಿದೆ, ಇದೇ ಜಿಲ್ಲೆಯಲ್ಲಿ ಮಾಸ್ತರಬಾಯಿಯಾಗಿ ಎಷ್ಟೋ ಹುಡುಗಿಯರಿಗೆ ಅಕ್ಷರ ಕಲಿಸಿದೆ. ಖಟಕ ಚಿಂಚೋಳಿಯ ವರ ಬೇರೆ ಮದುವೆಯಾದನಂತೆ, ಚೆನ್ನಾಗಿರಲಿ.

ಕಾಕು ಹಾಸಿಗೆ ಹಿಡಿದ ಸುದ್ದಿ ಬಂದಾಗ ನಾನು ಬೀದರಿನಲ್ಲಿದ್ದೆ. ಸಿಕ್ಕ ಬಸ್ಸು ಹತ್ತಿದೆ. ಓಣಿಯ ಬಾಯಿಗೆ ಬರುವಷ್ಟರಲ್ಲಿ ಮಣ್ಣು ಮಾಡಿ ಬಂದ ಜನ ಕೈಕಾಲು ತೊಳೆಯುತ್ತಿದ್ದರು... ನನ್ನನ್ನು ವೇಳೆಗೆ ಸರಿಯಾಗಿ ಮುಟ್ಟಿಸಿದವರ ಹತ್ತಿರ ನಾನು ವೇಳೆಗೆ ಮುಟ್ಟಲಿಲ್ಲ. ಆ ಸಂಕಟ ಇವತ್ತಿಗೂ ಹೋಗಿಲ್ಲ.

ಮೊಮ್ಮಗಳು ಹೊಸ ಎಣ್ಣೆ ತುಂಬಿ, ಅಳತೆ ನೋಡಿ, ಕಾರು ಶುರು ಮಾಡಿದಳು. ಗೆದ್ದವಳ ಮುಖ ಅವಳದು.

"ಎಲ್ಲಿಗಿ ಹೋಗೂಣು ಹೇಳಜ್ಜಿ?"

"ಔರಾದಕ್ಕ."

"ಅಲ್ಲಿ ಈಗ ಯಾರಿದ್ದಾರ?"

"ಯಾರೂ ಇಲ್ಲ," ಎಂದೆ. ಹತ್ತಿ ಮುಂದಿನ ಸೀಟಿನಲ್ಲಿ ಕೂತೆ.